ಮೂಗಿಲ್ಲದಪ್ಪನ ಪೈಕಿ

ನನ್ನ ಪ್ರೆಸ್ಸಿನಲ್ಲಿ ಕಾಗದದ ದರಕ್ಕೆ, ಅಚ್ಚಿನ ತಪ್ಪಿಗೆ, ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋದದ್ದಕ್ಕೆ ಎಷ್ಟೋ ಜಗಳಗಳಾಗಿವೆ. ಸತ್ತವರ ಹಣೆಗೆ ಕುಂಕುಮ ಇಡಬೇಕೋ ಬೇಡವೋ ಎಂದು ಜಗಳವಾದದ್ದು ಹೋದ ಮಳೆಗಾಲದಲ್ಲೇ ಮೊದಲು.

ನಮ್ಮ ವಿಶೇಷಾಂಕಕ್ಕೆ ಕಥೆ ಬರೆಯುತ್ತಿದ್ದ ಟೀಚರು ತೀರಿಕೊಂಡ ಮರುವಾರ ಅವರ ಊರಿನ ದೇವಸ್ಥಾನ ಸಮಿತಿಯ ಅಧ್ಯಕ್ಷರು ಹಗರೆ ಕಡೆಯಿಂದ ಅರಸೀಕೆರೆಯವರೆಗೂ ಕಾರು ಮಾಡಿಕೊಂಡು ಬಂದರು. ಶ್ರದ್ಧಾಂಜಲಿಯ ಫ್ಲೆಕ್ಸ್ ಒಂದು ಮಾಡಿಕೊಡಿ ಎಂದು ನನ್ನೆದುರು ಕೂತರು. ಫೋಟೋ ತಂದಿದ್ದರು. ಒಕ್ಕಣೆಯನ್ನೂ ತಂದಿದ್ದರು: ‘ದೈವಭಕ್ತೆ, ನಮ್ಮೂರ ಗುಡಿಯ ಜೀರ್ಣೋದ್ಧಾರದ ಪ್ರೇರಕ ಶಕ್ತಿ’. ನಾನು ಓದಿ ಮೇಜಿನ ಮೇಲಿಟ್ಟೆ. ಅವರು ಫೋಟೋದ ಕಡೆ ಬೆರಳು ತೋರಿಸಿದರು.

“ಹಣೆ ಬರಿದಾಗೈತಲ್ಲ ಸಾಮಿ. ಒಂದು ಕುಂಕುಮ ಇಡ್ಸಿ. ಕಂಪ್ಯೂಟರ್‌ನಾಗೆ ಆಯ್ತದಲ್ಲ.”

“ಅವರು ಇಡ್ತಿರಲಿಲ್ಲ.”

“ಈಗ ಬ್ಯಾಡ ಅನ್ನಕ್ಕೆ ಅವ್ರಿದಾರಾ?”

ಅವರ ಜಾಗದಲ್ಲಿ ನಾನಿದ್ದೇನೆ ಎಂದು ಹೇಳಿ ಫೋಟೋ ವಾಪಸು ಕೊಟ್ಟು ಕಳುಹಿಸಿದೆ. ಹಾಗೆ ಹೇಳುವಾಗ ನನ್ನ ದನಿ ಎಷ್ಟು ಏರಿತ್ತೆಂದರೆ ಕಟಿಂಗ್ ಮೆಷಿನ್ನಿನ ಹುಡುಗಿ ಮೆಷಿನ್ ನಿಲ್ಲಿಸಿ ಹೊರಗೆ ಬಂದು ನೋಡಿದಳು. ಅಧ್ಯಕ್ಷರಿಗೇನು, ಬೇಲೂರಿನಲ್ಲಿ ಮಾಡಿಸಿದರು. ಹಗರೆಯ ಬಸ್ ನಿಲ್ದಾಣದ ಹತ್ತಿರ ಅದು ಎರಡು ತಿಂಗಳು ತೂಗಾಡಿತು. ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ, ಜೊತೆಗೆ ಮುಡಿಗೆ ಒಂದು ಮೊಳ ಮಲ್ಲಿಗೆ. ಬದುಕಿದ್ದಾಗ ನೀರು ಕೊಡದವರು ಸತ್ತ ಮೇಲೆ ಹಾಲು ತುಪ್ಪ ಬಿಡುವುದು ನಮ್ಮಲ್ಲಿ ಹೊಸದೇನಲ್ಲ. ಆದರೂ ನನಗೆ ತಡೆಯಲಾಗಲಿಲ್ಲ. ಆ ಕುಂಕುಮ ಒರೆಸುವುದಕ್ಕೆ ಈ ಬರಹ. ಫ್ಲೆಕ್ಸಿನಲ್ಲಿ ಅವರ ಹೆಸರು ಅಡಿಯುದ್ದದ ಅಕ್ಷರದಲ್ಲಿ ಇತ್ತು. ಅದಕ್ಕೇ ಇಲ್ಲಿ ಹೆಸರು ಬರೆಯುವುದಿಲ್ಲ. ಹೆಸರು ಬರೆಸಿಕೊಳ್ಳುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ದೇವಸ್ಥಾನಗಳಲ್ಲಿ ದಾನಿಗಳ ಹೆಸರು ಬರೆದ ಟ್ಯೂಬ್‌ಲೈಟ್ ಕಂಡರೆ ಕೆಳಗೆ ನಿಂತು, “ಇಡೀ ಲೈಟಿನ ಮೇಲೆ ವಂಶಾವಳಿ ಬರೆದರೆ ಬೆಳಕು ಎಲ್ಲಿಂದ ಬರಬೇಕು?” ಎನ್ನುತ್ತಿದ್ದರು.

ಅವರು ಹಳೇಬೀಡಿನ ರಸ್ತೆಯಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ನಾನು ಕೊಬ್ಬರಿ ಮಂಡಿಯವರ ಮಗ. ತೂಕದ ಕಲ್ಲಿಗಿಂತ ಅಕ್ಷರದ ಮೊಳೆ ಹಗುರ ಎಂದು ಮೋಸಹೋಗಿ ಪ್ರೆಸ್ಸು ಇಟ್ಟವನು. ನಮ್ಮಲ್ಲಿ ವರ್ಷಕ್ಕೊಂದು ದೀಪಾವಳಿ ವಿಶೇಷಾಂಕ ಬರುತ್ತದೆ. ಮುಕ್ಕಾಲು ಪಾಲು ಮಂಡಿಗಳ ಜಾಹೀರಾತು, ಉಳಿದ ಜಾಗದಲ್ಲಿ ಸಾಹಿತ್ಯ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಬಸ್ಸಿಳಿದು ಬಂದವರು, ಒಂದು ಕಥೆ ಕೊಟ್ಟು, ಕುರ್ಚಿ ಹೇಳುವ ಮೊದಲೇ ಕೂತರು. ಕೈಚೀಲದಿಂದ ಸೀಬೆಹಣ್ಣು ತೆಗೆದು ನನಗೂ ಅರ್ಧ ಕೊಟ್ಟರು. ಉಪ್ಪು ಖಾರದ ಪೊಟ್ಟಣವೂ ಚೀಲದಲ್ಲೇ ಇತ್ತು.

ಕಥೆಯಲ್ಲಿ ಮನುಷ್ಯರೆಲ್ಲ ಭೂಮಿ ಬಿಟ್ಟು ಬೇರೊಂದು ಗ್ರಹಕ್ಕೆ ಹೋಗಿಬಿಟ್ಟಿರುತ್ತಾರೆ. ಗುಡಿಯೊಂದರಲ್ಲಿ ಪೂಜೆಗೆಂದು ಮಾಡಿಟ್ಟಿದ್ದ ಯಂತ್ರ ಮಾತ್ರ ಉಳಿದು, ಯಾರೂ ಇಲ್ಲದಿದ್ದರೂ ಹೊತ್ತುಹೊತ್ತಿಗೆ ಗಂಟೆ ಬಾರಿಸುತ್ತಲೇ ಇರುತ್ತದೆ. ಗೋಡೆ ಬೀಳುತ್ತದೆ, ಆಲದ ಬೇರು ಇಳಿಯುತ್ತದೆ, ಯಂತ್ರ ಕಿರುಗುಟ್ಟುತ್ತದೆ. ಕೊನೆಗೆ ದೇವರೇ ಪೀಠ ಬಿಟ್ಟು ಎದ್ದು ಬಂದು, “ಸಾಕು ಮಾರಾಯ, ನೀನೂ ಸ್ವಲ್ಪ ಕೂತ್ಕೋ” ಎಂದು ಯಂತ್ರದ ಕೀಲಿಗೆ ದೀಪದ ಎಣ್ಣೆ ಹಾಕುತ್ತಾನೆ.

ನಾನು ಕೇಳಿದೆ, “ಇದು ವಿಜ್ಞಾನದ ಕಥೆಯೋ, ದೇವರ ಕಥೆಯೋ?”

“ಅಚ್ಚು ಹಾಕಿ ಸರ್. ಓದಿದೋರು ಜಗಳ ಆಡಿಕೊಳ್ಳಲಿ.”

ಅಲ್ಲಿಂದ ಮುಂದೆ ಪ್ರತಿ ದೀಪಾವಳಿಗೂ ಅವರದೊಂದು ಕಥೆ ಇರುತ್ತಿತ್ತು. ಭಕ್ತರಿಲ್ಲದೆ ನಿವೃತ್ತರಾಗಿ ಪಿಂಚಣಿಗೆ ಅಲೆಯುವ ದೇವರುಗಳು, ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತಾ ದಾರಿಯಲ್ಲಿ ಕೆಟ್ಟು ನಿಂತ ಕಲ್ಲಿನ ಗುಡಿಗಳು, ತನ್ನ ಹೆಸರು ತನಗೇ ಮರೆತುಹೋಗಿ ದಾರಿಹೋಕರನ್ನು ಕೇಳುವ ದೇವತೆ. ಇಂಥ ಕಥೆಗಳು ಬೇರೆ ಭಾಷೆಗಳಲ್ಲೂ ಬೇಕಾದಷ್ಟಿವೆಯಲ್ಲ ಎಂದು ಒಮ್ಮೆ ಜಂಬದಿಂದ ಹೇಳಿದೆ. ಅವರು ಪ್ರೂಫಿನಿಂದ ತಲೆಯೆತ್ತಲಿಲ್ಲ. “ಇವೆ. ಅವರ ಕಥೇಲಿ ಹಾಳು ಗುಡಿ ಅಂದ್ರೆ ಒಳಗೆ ನಿಧಿ ಇರುತ್ತೆ, ಹೊರಗೆ ಹಾವು ಇರುತ್ತೆ. ನಮ್ಮ ಹಾಳು ಗುಡಿ ಒಳಗೆ ನಮ್ಮವ್ವ ಇದ್ದಳು.”

ಅದು ಮಾತಿನ ಚಮತ್ಕಾರ ಅಂದುಕೊಂಡಿದ್ದೆ. ಅಲ್ಲವಂತೆ.

ಅವರ ಊರಾಚೆ ಒಂದು ಗುಡಿ ಇದೆ. ಬೇಲೂರು ಹಳೇಬೀಡಿನ ಗುಡಿಗಳ ವಾರಿಗೆಯದೇ. ಆದರೆ ಬಡ ನೆಂಟನ ಹಾಗೆ ಚಿಕ್ಕದು, ಅಷ್ಟೇನೂ ಕೆತ್ತನೆಯಿಲ್ಲದ್ದು. “ಬೇಲೂರಿನ ದೇವರಿಗೆ ಪೂಜೆ ಇದೆ, ಹಳೇಬೀಡಿನ ದೇವರಿಗೆ ಪ್ರವಾಸಿಗರಿದ್ದಾರೆ, ನಮ್ಮೋನಿಗೆ ಬಾವಲಿ ಇದ್ವು” ಎನ್ನುತ್ತಿದ್ದರು ಟೀಚರು. ಒಳಗಿನ ವಿಗ್ರಹಕ್ಕೆ ಮೂಗಿಲ್ಲ, ಒಂದು ಕೈಯೂ ಇಲ್ಲ. ಭಿನ್ನವಾದ ಮೂರ್ತಿಗೆ ಪೂಜೆ ಮಾಡಬಾರದೆಂದು ಯಾವ ಕಾಲದಲ್ಲೋ ಪೂಜೆ ನಿಂತಿತು. ಕದ ಗೆದ್ದಲು ತಿಂದು ಹೋಯಿತು. ಅದು ಯಾವ ದೇವರೆಂಬುದೇ ಊರಿಗೆ ಮರೆತುಹೋಗಿ, ಎಲ್ಲರೂ ಮೂಗಿಲ್ಲದಪ್ಪ ಎಂದು ಕರೆಯತೊಡಗಿದರು. ಪೂಜೆ ನಡೆಯುತ್ತಿದ್ದ ಕಾಲದಲ್ಲಿ ಟೀಚರ ಕೇರಿಯವರು ಅದರ ನೆರಳಿಗೂ ಹೋಗುವಂತಿರಲಿಲ್ಲ. ಪೂಜೆ ನಿಂತ ಮೇಲೆ ಕೇಳುವವರಿಲ್ಲ. ಮಳೆ ಬಂದರೆ ಮೇಕೆ ಹೊಡೆದುಕೊಂಡು ಒಳಗೆ ಹೋಗುತ್ತಿದ್ದರು.

ಟೀಚರ ತಾಯಿ ತುಂಬು ಬಸುರಿಯಾಗಿದ್ದಾಗಲೂ ಈಗಿನ ಅಧ್ಯಕ್ಷರ ಅಪ್ಪನ ಹೊಲದಲ್ಲಿ ಕಳೆ ಕೀಳುತ್ತಿದ್ದರು. ನೋವು ಅಲ್ಲೇ ಶುರುವಾಯಿತು. ಮಳೆ ಹಿಡಿದುಕೊಂಡಿತ್ತು. ಕೇರಿಗೆ ಹೋಗುವ ದಾರಿಯಲ್ಲಿ ಹಳ್ಳ ತುಂಬಿತ್ತು. ಹೊಲದ ಪಕ್ಕದಲ್ಲೇ ಆ ಹೊಲದವರ ಮನೆ. ಕೊಟ್ಟಿಗೆಯಲ್ಲಿ ಒಂದು ಗಳಿಗೆ ಮಲಗಲೇ ಎಂದು ಕೇಳಿದ್ದಕ್ಕೆ ಆ ಮನೆಯೊಡತಿ, ಅಂದರೆ ಅಧ್ಯಕ್ಷರ ತಾಯಿ, “ಹಸ ಕರಾ ಹಾಕೋದೈತೆ, ಮೈಲಿಗೆ ಆಯ್ತದೆ” ಎಂದು ಬಾಗಿಲು ಹಾಕಿಕೊಂಡರು. ಮೂಗಿಲ್ಲದಪ್ಪನ ಗುಡಿಗೆ ಹಾಕಿಕೊಳ್ಳಲು ಬಾಗಿಲೇ ಇರಲಿಲ್ಲ. ಟೀಚರು ಹುಟ್ಟಿದ್ದು ಅಲ್ಲಿ, ಆ ವಿಗ್ರಹದ ಕಾಲ ಬುಡದಲ್ಲಿ.

“ಹಾಳುಬಿದ್ದ ಮೇಲೇ ಸರ್ ಗುಡಿ ಎಲ್ಲರದ್ದೂ ಆಗೋದು” ಎಂಬುದು ಅವರ ಮಾತು. ಅವರ ಎಲ್ಲಾ ಕಥೆಗಳ ಬೇರೂ ಅದೇ. ಅವರು ದೇವರನ್ನು ನಂಬುತ್ತಿರಲಿಲ್ಲ. ಅವರ ಮನೆಯವರು ಬೌದ್ಧರಾಗಿ ಬಹಳ ಕಾಲವಾಗಿತ್ತು, ಗೋಡೆಯ ಮೇಲೆ ಬುದ್ಧನ ಪಟವಿತ್ತು. ಮೂಗಿಲ್ಲದಪ್ಪನನ್ನು ಮಾತ್ರ ನೆರೆಮನೆಯ ಮುದುಕನ ಹಾಗೆ ವಿಚಾರಿಸಿಕೊಳ್ಳುತ್ತಿದ್ದರು. “ಆ ಊರಲ್ಲಿ ನಾನು ಹುಟ್ಟಿದ್ದನ್ನ ನೋಡಿ ಮುಖ ತಿರುಗಿಸದೆ ಇದ್ದೋನು ಅವನೊಬ್ಬನೇ.”

ಬುದ್ಧನ ಪಟ ಇದ್ದ ಮನೆಯಲ್ಲಿ ಇಷ್ಟೊಂದು ಸೇಡು ಇರಬಹುದೇ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಅದನ್ನು ಅವರೂ ಮುಚ್ಚಿಡುತ್ತಿರಲಿಲ್ಲ. “ಕ್ಷಮೆ ಒಂದು ಪಾಠ ಬಾಕಿ ಉಳಿಸ್ಕೊಂಡಿದೀನಿ ಸರ್. ಮುಂದಿನ ಜನ್ಮ ಇಲ್ಲವಲ್ಲ, ಹಾಗಾಗಿ ಅದು ಬಾಕಿಯೇ.” ಅವರಿಗೆ ನೋವು ಮಾಡಿದವರೆಲ್ಲ ಒಂದಲ್ಲ ಒಂದು ವರ್ಷ ಕಥೆಯೊಳಗೆ ಬಂದು ಶಿಕ್ಷೆ ಅನುಭವಿಸುತ್ತಿದ್ದರು. ಅವರ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು, “ಮೇಡಂ, ನೀವು ಯಾವ ಪೈಕಿ?” ಎಂದು ನಯವಾಗಿ ಕೇಳಿದರಂತೆ. “ಮೂಗಿಲ್ಲದಪ್ಪನ ಪೈಕಿ” ಎಂದು ಟೀಚರು ಉತ್ತರ ಕೊಟ್ಟರಂತೆ. ಅಷ್ಟಕ್ಕೆ ಬಿಡಲಿಲ್ಲ. ಆ ವರ್ಷದ ಕಥೆಯಲ್ಲಿ, ದೂರದ ಒಂದು ಗ್ರಹದ ಗುಡಿಬಾಗಿಲಲ್ಲಿ ದ್ವಾರಪಾಲಕನೊಬ್ಬ ಬಂದವರನ್ನೆಲ್ಲ ಕುಲ ಕೇಳುತ್ತಾ ಕೇಳುತ್ತಾ, ಬಾಯೊಳಗೆ ಪಾಚಿ ಬೆಳೆದು ಕಲ್ಲಾದ. ಆ ಮೇಷ್ಟ್ರು ಅದನ್ನು ಓದಿ ವರ್ಗ ಮಾಡಿಸಿಕೊಂಡು ಹೋದರು. ನಾನೂ ತಪ್ಪಿಸಿಕೊಳ್ಳಲಿಲ್ಲ. ಮಂಡಿ ಜಾಹೀರಾತಿಗೆ ಜಾಗ ಸಾಲದೆ ಅವರ ಕಥೆಯ ಒಂದು ಪ್ಯಾರಾ ಕತ್ತರಿಸಿದ್ದಕ್ಕೆ ಮುಂದಿನ ದೀಪಾವಳಿಯಲ್ಲಿ ನಾನೊಂದು ಬಾವಲಿಯಾಗಿ ಕಥೆಯುದ್ದಕ್ಕೂ ತಲೆಕೆಳಗಾಗಿ ನೇತಾಡಿದೆ. ಆ ಬಾವಲಿಗೆ ನನ್ನದೇ ಕನ್ನಡಕವಿತ್ತು. ನಾನೇ ನಿಂತು ಅಚ್ಚು ಹಾಕಿದೆ.

ಪಾಠ ಹೇಳುವುದರಲ್ಲೂ ಅದೇ ಹಟ. ಗ್ರಹಣ ಬಂದ ದಿನ ಮಕ್ಕಳನ್ನೆಲ್ಲ ಶಾಲೆಯ ಮೈದಾನದಲ್ಲಿ ಕೂರಿಸಿ, ಗ್ರಹಣ ಹಿಡಿದಿರುವಾಗಲೇ ಮಂಡಕ್ಕಿ ಹಂಚಿ ತಿನ್ನಿಸುತ್ತಿದ್ದರು. ಮೊದಲ ವರ್ಷ ತಾಯಂದಿರು ಬೈದರು. ಕೊನೆಕೊನೆಗೆ ಅವರೇ ಒಗ್ಗರಣೆ ಹಾಕಿ ಕಳಿಸುತ್ತಿದ್ದರಂತೆ. ಹುಲಿಕೆರೆಯ ಕಲ್ಯಾಣಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ರಾಜರ ಕಥೆ ಹೇಳುತ್ತಿರಲಿಲ್ಲ. “ಈ ಮೆಟ್ಟಿಲಿಗೆ ಕಲ್ಲು ಹೊತ್ತೋರು ಈ ನೀರು ಕುಡಿದ್ರಾ? ಅದನ್ನ ಯೋಚನೆ ಮಾಡಿ, ಆಮೇಲೆ ಬುತ್ತಿ ಬಿಚ್ಚಿ” ಎನ್ನುತ್ತಿದ್ದರು.

ಹೀಗಿರುವಾಗ ಅವರ ಊರಿನವರಿಗೆ ಇದ್ದಕ್ಕಿದ್ದಂತೆ ಮೂಗಿಲ್ಲದಪ್ಪನ ನೆನಪಾಯಿತು. ಪಕ್ಕದೂರಿನಲ್ಲಿ ಗುಡಿ ಹೊಸದಾಗಿತ್ತು, ನಮ್ಮದೂ ಆಗಬೇಕು ಎಂಬ ಪೈಪೋಟಿ. ಜೀರ್ಣೋದ್ಧಾರ ಸಮಿತಿ ಆಯಿತು. ಕಲ್ಲಿನ ಕಂಬಕ್ಕೆ ಬೆಳ್ಳಿ ಬಣ್ಣ ಬಳಿದರು. ನೆಲಕ್ಕೆ ಜಾರುವ ಟೈಲ್ಸ್ ಹಾಕಿಸಿದರು. ಬಾವಲಿಗಳನ್ನು ಹೊಗೆ ಹಾಕಿ ಓಡಿಸಿದರು. ಭಿನ್ನವಾದ ಮೂರ್ತಿ ನೀರು ಸೇರಬೇಕೆಂಬ ಪದ್ಧತಿಯಂತೆ ಮೂಗಿಲ್ಲದಪ್ಪನನ್ನು ಟ್ರ್ಯಾಕ್ಟರಿಗೆ ಹೇರಿ ಊರ ಕೆರೆಗೆ ಉರುಳಿಸಿ, ಮೂಗು ಕಣ್ಣು ಎಲ್ಲ ಸರಿಯಿರುವ ಹೊಸ ದೇವರನ್ನು ತಂದು ಕೂರಿಸಿದರು. ಕೊನೆಗೆ ಬಂದದ್ದು ಕಬ್ಬಿಣದ ಬಾಗಿಲು. ಅಧ್ಯಕ್ಷರ ಕೊಡುಗೆ. ನಟ್ಟನಡುವೆ ತಗಡಿನ ಫಲಕ ಬೆಸೆದು, ಅದರಲ್ಲಿ ಅವರ ಹೆಸರು, ಅವರ ಅಪ್ಪನ ಹೆಸರು. ಬೀಗದ ಕೈ ಅವರ ಸೊಂಟದಲ್ಲಿ.

ಕೇರಿಯವರಿಗೆ ಪ್ರವೇಶವಿಲ್ಲ ಎಂದು ಯಾರೂ ಹೇಳಲಿಲ್ಲ. ಈಗಿನ ಕಾಲದಲ್ಲಿ ಹಾಗೆ ಹೇಳುವಷ್ಟು ಪೆದ್ದರು ಯಾರೂ ಇಲ್ಲ. ಅವರು ಹೋದಾಗಲೆಲ್ಲ ಬೀಗ ಇರುತ್ತಿತ್ತು, ಅಷ್ಟೇ.

ಆ ಶನಿವಾರ ಪ್ರೆಸ್ಸಿಗೆ ಬಂದ ಟೀಚರು ಸೀಬೆಹಣ್ಣು ತೆಗೆಯಲಿಲ್ಲ. ಅವರ ತಾಯಿ ಗುಡಿಯ ಹತ್ತಿರ ಹೋಗಿ, ಆ ಬಾಗಿಲ ಸರಳು ಹಿಡಿದು ನಿಂತು ವಾಪಸು ಬಂದರಂತೆ. “ಅರವತ್ತು ವರ್ಷ ಬಾಗಿಲಿಲ್ಲದೆ ನಮ್ಮನ್ನ ಕಾಪಾಡಿದೋನನ್ನ ನೀರಿಗೆ ಹಾಕಿ, ನಮ್ಮ ಮುಖಕ್ಕೆ ಬಾಗಿಲು ಹಾಕಿದ್ರು ಸರ್. ಈ ಸಲ ಕಥೆ ಉದ್ದ ಇರುತ್ತೆ. ಒಂದಕ್ಷರ ಕತ್ತರಿಸಬೇಡಿ.”

ಕತ್ತರಿಸಲಿಲ್ಲ. ಎರಡು ಮಂಡಿಯ ಜಾಹೀರಾತು ಬಿಟ್ಟೆ. ಕಥೆ ಇಷ್ಟು: ಮೂಗಿಲ್ಲದ ಒಬ್ಬ ದೇವರು. ಅವನು ಕಲ್ಲಲ್ಲ, ಬಹಳ ಹಿಂದೆ ಆಕಾಶದಿಂದ ಬಂದ ಒಂದು ಪಾತ್ರೆ. ತನ್ನ ನೆರಳಲ್ಲಿ ಕೂತವರ ನೆನಪುಗಳನ್ನೆಲ್ಲ ಅವನು ಕಾಪಿಟ್ಟಿರುತ್ತಾನೆ. ಅವನನ್ನು ಕೆರೆಗೆ ಎಸೆದಾಗ ಪಾತ್ರೆಯೊಳಗೆ ನೀರು ಹೊಕ್ಕು ಊರಿನ ನೆನಪುಗಳು ಕರಗತೊಡಗುತ್ತವೆ. ಎಸೆದವನ ಸರದಿಯೇ ಮೊದಲು. ಅವನು ಮನೆಗೆ ಬಂದು ಕದ ತಟ್ಟಿದರೆ ಅವನ ಹೆತ್ತ ತಾಯಿ ಬಾಗಿಲು ಅರ್ಧ ತೆರೆದು, “ಯಾರಪ್ಪ ನೀನು? ಯಾರ ಮನೆಗೆ ಬಂದೆ?” ಎಂದು ಕೇಳಿ ಮುಚ್ಚಿಕೊಳ್ಳುತ್ತಾಳೆ.

ಯಾರೋ ಆ ಪುಟಗಳ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಧ್ಯಕ್ಷರು ಮೊದಲು ರೇಗಿದರು, ಕೇಸು ಹಾಕುತ್ತೇನೆ ಎಂದು ನನಗೆ ಫೋನು ಮಾಡಿದರು. ಸಂಕ್ರಾಂತಿ ಕಳೆಯಿತು. ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಅವರ ತಾಯಿ ಅವರನ್ನೇ ನೋಡುತ್ತಾ, “ನೀನ್ಯಾರ ಮಗ್ನಪ್ಪ?” ಎಂದರು.

ಆ ಅಜ್ಜಿಗೆ ಮರೆವು ಶುರುವಾಗಿ ವರ್ಷವಾಗಿತ್ತಂತೆ. ಉಪ್ಪು ಎರಡು ಸಲ ಹಾಕುವುದು, ಹಿತ್ತಿಲಿಗೆ ಹೋದವರು ದಾರಿ ತಪ್ಪುವುದು ಎಲ್ಲ ಇತ್ತು. ವಯಸ್ಸಾಯಿತು ಎಂದು ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಲಕ್ಷ್ಯ ಬಂತು.

ಮುಂದಿನ ಶನಿವಾರ ಅಧ್ಯಕ್ಷರೂ ಗುಡಿಯ ಪೂಜಾರಿಯೂ ಹಣ್ಣುಕಾಯಿಯ ತಟ್ಟೆ ಹಿಡಿದು ನನ್ನ ಪ್ರೆಸ್ಸಿಗೆ ಬಂದರು. ಟೀಚರು ಹಸಿರು ಪೆನ್ನು ಹಿಡಿದು ಯಾರದೋ ಪ್ರೂಫ್ ನೋಡುತ್ತಿದ್ದರು. ಅಧ್ಯಕ್ಷರು ತಟ್ಟೆಯನ್ನು ಪ್ರೂಫಿನ ಮೇಲೆಯೇ ಇಟ್ಟರು.

“ಟೀಚರಮ್ಮ, ತಪ್ಪಾಯ್ತು. ಶಾಪ ವಾಪಸ್ ತಗಳ್ಳಿ.”

“ಶಾಪ ಎಲ್ಲಿದೆ? ಅದು ಕಥೆ ಕಣ್ರೀ. ನಾನು ಕೂತು ಕಟ್ಟಿದ್ದು. ಪೂರ್ತಿ ಸುಳ್ಳು.”

ಪೂಜಾರಿ ತಲೆಯಾಡಿಸಿದ. “ಸುಳ್ಳು ಅಂತ ನೀವು ತಿಳ್ಕಂಡಿದೀರಿ. ಬರೆಸ್ದೋನಿಗೆ ಗೊತ್ತು.”

“ಬರೆಸಿದೋನು ಯಾರೂ ಇಲ್ಲ. ನಿಮ್ಮ ತಾಯಿಗೆ ಬಂದಿರೋದು ಕಾಯಿಲೆ. ಮಿದುಳಿಂದು. ಹಾಸನಕ್ಕೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.”

“ತೋರುಸ್ತೀವಿ. ಇದಕ್ಕೇನು ಪರಿಹಾರ, ಅದು ಹೇಳಿ.”

“ಮೊದಲು ತೋರಿಸಿ ಬನ್ನಿ. ಅಲ್ಲೀವರೆಗೂ ನನ್ನ ಹತ್ರ ಮಾತಿಲ್ಲ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಪ್ರೂಫ್ ಎಳೆದುಕೊಂಡರು.

ಅವರು ಹೋದ ಮೇಲೆ ನಾನು ಕುಣಿಯುವುದೊಂದು ಬಾಕಿ. ಸಿಕ್ಕಿದ್ದಾರೆ, ಬಿಡಬೇಡಿ ಎಂದೆ. ಅವರಿಂದ ಏನೇನು ಮಾಡಿಸಬಹುದೆಂದು ನಾನೇ ಹತ್ತಾರು ಸೂಚನೆ ಕೊಟ್ಟೆ. ಉರುಳುಸೇವೆ ಎಂದೆ, ಕೆರೆಯ ಹೂಳು ತಲೆಯ ಮೇಲೆ ಹೊರಿಸುವುದು ಎಂದೆ. ಟೀಚರು ಪೆನ್ನನ್ನು ಪ್ರೂಫಿನ ಮೇಲೆ ಇಟ್ಟುಬಿಟ್ಟರು. ಅವರಿಗೆ ಅಷ್ಟು ಕಷ್ಟವಾದದ್ದನ್ನು ನಾನು ಮತ್ತೆ ನೋಡಲಿಲ್ಲ.

“ಮಕ್ಕಳಿಗೆ ಗ್ರಹಣದಲ್ಲಿ ಮಂಡಕ್ಕಿ ತಿನ್ನಿಸಿದ ಕೈ ಸರ್ ಇದು. ಈಗ ಇದೇ ಕೈ ಎತ್ತಿ ಪರಿಹಾರ ಹೇಳಿದ್ರೆ ನನಗೂ ಆ ಪೂಜಾರಿಗೂ ಏನು ವ್ಯತ್ಯಾಸ?”

“ಹಾಗಾದರೆ ಬಾಗಿಲು ಹಾಗೇ ಇರಲಿ ಅಂತೀರಾ?”

ಒಂದು ಕಡೆ ಅವರು ಇಡೀ ಆಯುಸ್ಸು ಕಲಿಸಿದ್ದು, ಇನ್ನೊಂದು ಕಡೆ ಸರಳು ಹಿಡಿದು ನಿಂತ ತಾಯಿ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು.

ಆ ಇಬ್ಬರು ಮತ್ತೆ ಬಂದರು. ಹಾಸನದ ಡಾಕ್ಟರು ಇದು ವಯಸ್ಸಿನ ಮರೆವಿನ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ವಾಸಿಯಾಗುವುದಿಲ್ಲ ಎಂದಿದ್ದರು. ಟೀಚರು ಮಾತ್ರೆಯ ಚೀಟಿ ನೋಡಿ ವಾಪಸು ಕೊಟ್ಟು, ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದರು. ಡಾಕ್ಟರು ಹೇಳಿದ್ದೇ ನಿಜ. ಕಥೆ ಸುಳ್ಳು. ಕಲ್ಲಿಗೆ ನೆನಪಿಲ್ಲ, ಕೆರೆಗೆ ಸಿಟ್ಟಿಲ್ಲ. ಏನು ಮಾಡಿದರೂ ನಿಮ್ಮ ತಾಯಿಯ ನೆನಪು ವಾಪಸು ಬರುವುದಿಲ್ಲ.

“ಇಷ್ಟು ಹೇಳಿದ ಮೇಲೂ ನಂಬ್ತೀರಾ?”

“ನಂಬ್ತೀವಿ,” ಎಂದರು ಅಧ್ಯಕ್ಷರು.

“ಹಾಗಾದ್ರೆ ನಂಬಿಕೆ ನಿಮ್ಮದು. ಅದರ ಬೆಲೆನೂ ನೀವೇ ಕೊಡಿ.” ಟೀಚರು ಪೆನ್ನಿನ ಮುಚ್ಚಳ ಹಾಕಿದರು. “ಅವನನ್ನ ಕೆರೆಯಿಂದ ಎತ್ತಿ ಇದ್ದ ಜಾಗದಲ್ಲಿ ಕೂರಿಸಿ. ಬಾಗಿಲು ಕಿತ್ತುಹಾಕಿ. ಮತ್ತೆ ಹಾಕಬೇಡಿ. ಅವತ್ತು ಮೊದಲು ಒಳಗೆ ಹೋಗೋದು ನಮ್ಮವ್ವ. ಕರೆಯೋಕೆ ನೀವೇ ನಮ್ಮ ಮನೆಗೆ ಹೋಗಬೇಕು.”

ಬೇಸಿಗೆಯಲ್ಲಿ ಕೆರೆ ಇಳಿದಾಗ ಅದೆಲ್ಲ ನಡೆಯಿತು. ನಾನು ನೋಡಲೇಬೇಕೆಂದು ಹೋಗಿದ್ದೆ. ಅಧ್ಯಕ್ಷರು ಬಿಳಿ ಪಂಚೆಯಲ್ಲಿ ಕೇರಿಗೆ ಬಂದರು. ಹುಟ್ಟಿದಾಗಿನಿಂದ ಆ ಊರಿನಲ್ಲಿದ್ದರೂ ಅವರಿಗೆ ಮನೆ ಯಾವುದೆಂದು ಕೇಳಬೇಕಾಯಿತು. ಟೀಚರ ತಾಯಿ ಜಗುಲಿಯ ಮೇಲೆ ಕೂತಿದ್ದರು. ಎಲ್ಲ ಕೇಳಿಸಿಕೊಂಡು, “ಬಿಸಿಲಾಗೆ ಬಂದಿದೀಯ, ನೀರು ಕುಡಿ” ಎಂದು ಒಳಗೆ ಹೋಗಿ ತುಂಬಿದ ಚೆಂಬು ತಂದರು. ಅಧ್ಯಕ್ಷರು ಚೆಂಬಿಗೆ ಕೈ ಚಾಚಿದರು. ಆಕೆ ಕೊಡಲಿಲ್ಲ.

“ಕೈ ಒಡ್ಡಪ್ಪ.”

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಲೋಟ ಐತೆ ನಮ್ಮನೇಲಿ. ನಿಮ್ಮ ಮನೇಲಿ ನಾನು ಕುಡಿದಿದ್ದು ಹಿಂಗೇ.”

ಅವರು ಬಗ್ಗಿ ಬೊಗಸೆ ಒಡ್ಡಿದರು. ಆಕೆ ಜಗುಲಿಯ ಮೇಲೆ ನಿಂತು, ಚೆಂಬು ತಾಕದಂತೆ ಎತ್ತರದಿಂದ ನೀರು ಹೊಯ್ದರು. ಅರ್ಧ ನೀರು ಪಂಚೆಯ ಮೇಲೆ ಬಿತ್ತು. ಇಡೀ ಕೇರಿ ನೋಡುತ್ತಿತ್ತು, ಒಬ್ಬರೂ ನಗಲಿಲ್ಲ. ಇದನ್ನು ಟೀಚರು ಹೇಳಿಕೊಟ್ಟಿರಲಿಲ್ಲ.

ಗುಡಿಯ ಹತ್ತಿರ ಬಾಗಿಲು ಕಿತ್ತು ಹಿಂದಿನ ಗೋಡೆಗೆ ಒರಗಿಸಿದ್ದರು. ಮೂಗಿಲ್ಲದಪ್ಪ ಪಾಚಿ ಮೈಯಲ್ಲೇ ತನ್ನ ಜಾಗದಲ್ಲಿ ಕೂತಿದ್ದ. ಹೊಸ ದೇವರು ಪಕ್ಕಕ್ಕೆ ಸರಿದು ಜಾಗ ಕೊಟ್ಟಿದ್ದ. ಶಾಪ ಇಳಿಯಲೆಂದು ಅಧ್ಯಕ್ಷರ ತಾಯಿಯನ್ನೂ ಜೀಪಿನಲ್ಲಿ ಕರೆತಂದು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಮಗನ ಗುರುತಿಲ್ಲ, ಸೊಸೆಯ ಗುರುತಿಲ್ಲ. ಟೀಚರ ತಾಯಿ ಮೊದಲು ಒಳಗೆ ಕಾಲಿಟ್ಟರು. ಆ ಅಜ್ಜಿ ಅವರನ್ನು ದಿಟ್ಟಿಸಿ ನೋಡಿದರು.

“ಹೆರಿಗೆ ಆತೇನೇ?”

ಟೀಚರ ತಾಯಿ ಅಲ್ಲೇ ನಿಂತರು. “ಆತು ಕಣವ್ವ.”

“ಏನು ಕೂಸು?”

“ಹೆಣ್ಣು.”

“ನಾನು ಬಾಗ್ಲು ಹಾಕ್ಕಂಬಿಟ್ಟೆ” ಎಂದರು ಅಜ್ಜಿ. ಮತ್ತೆ ಅದನ್ನೇ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಅಧ್ಯಕ್ಷರು ತಲೆ ತಗ್ಗಿಸಿದರು. ಟೀಚರ ತಾಯಿ, ಹೋಗಲಿ ಬಿಡು ಎನ್ನಲಿಲ್ಲ. ಮೂಗಿಲ್ಲದಪ್ಪನ ಕಾಲ ಹತ್ತಿರ ಹೋಗಿ ಕೂತು, ಸೆರಗಿನಿಂದ ಅವನ ಮೊಣಕಾಲಿನ ಪಾಚಿ ಒರೆಸಿದರು.

ವಾಪಸು ಬರುವಾಗ ಟೀಚರೂ ನನ್ನ ಬಸ್ಸಿಗೇ ಹತ್ತಿದರು. ಹಳೇಬೀಡು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಕಥೇಲಿ ನಾನು ಎಲ್ಲಾನೂ ಮರೆಸಿಬಿಟ್ಟಿದ್ದೆ ಸರ್. ಅದೊಂದನ್ನ ಮಾತ್ರ ಉಳಿಸಬೇಕು ಅಂತ ನನಗೆ ಹೊಳೆದಿರಲಿಲ್ಲ.”

“ಸಂತೋಷ ಆಯ್ತಾ?”

“ಆಯ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಆಯ್ತು.”

ಆಮೇಲೆ ಅವರು ನಿವೃತ್ತರಾದರು. ಎರಡೂ ಮುದುಕಿಯರು ಒಬ್ಬರ ಹಿಂದೊಬ್ಬರು ಹೋದರು. ಗುಡಿಗೆ ಬಾವಲಿಗಳು ವಾಪಸು ಬಂದವು, ಮಳೆ ಬಂದರೆ ಮೇಕೆಗಳೂ ಬರುತ್ತಿದ್ದವು. ಶಾಪ ಕೊಟ್ಟ ದೇವರೆಂದು ಮೂಗಿಲ್ಲದಪ್ಪನಿಗೆ ಹಾಸನದ ಕಡೆಯಿಂದಲೂ ಭಕ್ತರು ಬರತೊಡಗಿದಾಗ ಟೀಚರು ತಲೆ ಚಚ್ಚಿಕೊಂಡು ನಕ್ಕರು. “ಪಾಪ, ನಿವೃತ್ತನಾಗಿ ಆರಾಮಾಗಿದ್ದ. ನನ್ನಿಂದ ಮತ್ತೆ ಡ್ಯೂಟಿಗೆ ಬಂದ.” ಹೋದ ಮಳೆಗಾಲದಲ್ಲಿ ಅವರೂ ಹೋದರು. ಆಸ್ಪತ್ರೆಯಲ್ಲಿ ಮಾತು ನಿಲ್ಲುವ ಮೊದಲು ನನ್ನ ಹತ್ತಿರ ಕೇಳಿದ್ದು ಒಂದೇ: “ಬಾಗಿಲು ಹಾಕಿಲ್ಲ ತಾನೆ?”

ಹಾಕಿಲ್ಲ ಎಂದೆ. ಆಗ ಅದು ನಿಜವಾಗಿತ್ತು.

ಫ್ಲೆಕ್ಸಿನ ಜಗಳವಾದ ಮೇಲೆ ನಾನು ಒಮ್ಮೆ ಆ ಊರಿಗೆ ಹೋದೆ. ಬಾಗಿಲು ವಾಪಸು ಬಂದಿತ್ತು. ಹೊಸ ಬಣ್ಣ, ಹೊಸ ಬೆಸುಗೆ, ಅದೇ ಹೆಸರಿನ ಫಲಕ. ಶಾಪ ಕೊಟ್ಟವರು ಸತ್ತರೆ ಶಾಪವೂ ಸತ್ತಂತೆ ಎಂದು ಪೂಜಾರಿ ಅಪ್ಪಣೆ ಕೊಡಿಸಿದ್ದನಂತೆ. ಒಂದು ಕಡೆ ಅವರ ಹಣೆಗೆ ಕುಂಕುಮ, ಇನ್ನೊಂದು ಕಡೆ ಅವರ ಜನರ ಮುಖಕ್ಕೆ ಬೀಗ. ನಾನು ಹುಟ್ಟಿದಾಗಿನಿಂದ ಒಂದು ಕಥೆ ಬರೆದವನಲ್ಲ, ಬಾವಲಿಯಾಗಿ ನೇತಾಡಿದ್ದಷ್ಟೇ ನನ್ನ ಸಾಹಿತ್ಯ ಸೇವೆ. ಆದರೂ ನೇರವಾಗಿ ಅಧ್ಯಕ್ಷರ ಮನೆಗೆ ಹೋಗಿ ಜಗುಲಿಯ ಮೇಲೆ ಕೂತೆ.

“ಟೀಚರು ಹೋಗೋಕೆ ಮುಂಚೆ ಆ ಕಥೆಯ ಇನ್ನೊಂದು ಭಾಗ ಬರೆದು ಕೊಟ್ಟು ಹೋಗಿದ್ದಾರೆ,” ಎಂದೆ.

ಅಧ್ಯಕ್ಷರ ಕೈಯ ಕಾಫಿ ಲೋಟ ಹಾಗೇ ನಿಂತಿತು. “ಏನೈತೆ ಅದ್ರಾಗೆ?”

“ಅದನ್ನ ಹೇಳೋ ಹಾಗಿಲ್ಲ. ದೀಪಾವಳಿಗೆ ಬಾಗಿಲು ಇದ್ದರೆ ಅಚ್ಚು ಹಾಕಿ, ಇಲ್ಲದಿದ್ದರೆ ಬೇಡ ಅಂದಿದ್ದಾರೆ.”

“ನನ್ನ ಮೊಮ್ಮಗಂದು ಏನಾರ ಐತಾ?”

ಆ ಕ್ಷಣಕ್ಕೆ ನನಗೆ ನನ್ನ ಬಗ್ಗೆಯೇ ಸ್ವಲ್ಪ ಹೇಸಿಗೆಯಾಯಿತು. ಟೀಚರಾಗಿದ್ದರೆ ಇಲ್ಲ ಎಂದು ನಿಜ ಹೇಳಿ, ಆಮೇಲೆ ಬೆಲೆ ಕೇಳುತ್ತಿದ್ದರು. ಮಕ್ಕಳ ಸುದ್ದಿ ಏನೂ ಇಲ್ಲ ಎಂದೆ. ಬೇರೆ ಏನೂ ಹೇಳದೆ ಎದ್ದು ಬಂದೆ. ವಾರದೊಳಗೆ ಬಾಗಿಲು ಇಳಿಯಿತು. ಗುಜರಿಗೆ ಹಾಕಲು ಹೊರಟಿದ್ದನ್ನು ಕೇರಿಯವರು ಕೇಳಿ ಇಸಿದುಕೊಂಡರು.

ಇದನ್ನೆಲ್ಲ ಹೀಗೆ ಅಚ್ಚು ಹಾಕಿದರೆ ಅಧ್ಯಕ್ಷರಿಗೆ ಗೊತ್ತಾಗುವುದಿಲ್ಲವೇ ಎಂದು ನಮ್ಮ ಕಟಿಂಗ್ ಮೆಷಿನ್ನಿನ ಹುಡುಗಿ ಕೇಳಿದಳು. ಗೊತ್ತಾಗಲಿ. ಅವರಿಗೆ ಈ ಸಂಚಿಕೆಯ ಪ್ರತಿಯನ್ನು ನಾನೇ ಕಳಿಸುತ್ತೇನೆ. ಕಥೆ ಸುಳ್ಳು ಎಂದು ಬರೆದವರೇ ಎದುರಿಗೆ ಕೂತು ಬಿಡಿಸಿ ಹೇಳಿದಾಗಲೂ ಅವರು ನಂಬಲಿಲ್ಲ. ಈಗ ನಾನೂ ಹೇಳುತ್ತೇನೆ: ಅಧ್ಯಕ್ಷರೇ, ಇನ್ನೊಂದು ಭಾಗ ಇಲ್ಲ. ಟೀಚರು ಏನೂ ಬರೆದುಕೊಟ್ಟಿಲ್ಲ. ನೀವು ಧೈರ್ಯವಾಗಿ ಬಾಗಿಲು ಹಾಕಿಕೊಳ್ಳಬಹುದು.

ಬಾಗಿಲು ಬೇಕಿದ್ದರೆ ಕೇರಿಯ ಚರಂಡಿಯ ಹತ್ತಿರ ಇದೆ. ದಾಟುವುದಕ್ಕೆ ಸೇತುವೆಯ ಹಾಗೆ ಅಡ್ಡ ಹಾಕಿಕೊಂಡಿದ್ದಾರೆ, ಹೆಸರಿನ ಫಲಕ ಮೇಲೆ ಬರುವ ಹಾಗೆ. ಹೋದ ವಾರ ಹೋಗಿದ್ದಾಗ ಚಪ್ಪಲಿಗೆ ಕೆಸರಾಗಿತ್ತು. ನಾನೂ ಅಲ್ಲೇ ಒರೆಸಿಕೊಂಡು ದಾಟಿದೆ.